ಸತ್ತವರೂ ಎದ್ದು ಭಾಷಣ ಮಾಡುವ ಸಂಸತ್ತು

ಗುಲಾಮಗಿರಿಯ ನಿರ್ಮೂಲನೆಯನ್ನು ಕುರಿತ ಚಲನಚಿತ್ರಗಳನ್ನು ಎಷ್ಟರ ಮಟ್ಟಿಗೆ ಇತಿಹಾಸವೆಂದು ನಂಬಬಹುದು ಎಂದು ಕೇಳಿದ್ದೀರಿ. ನಾನು ಇತಿಹಾಸದ ಪ್ರಾಧ್ಯಾಪಕನಲ್ಲ. ಇಂಥ ಚಿತ್ರ ನೋಡಿದ ಮೇಲೆ ಆ ಘಟನೆಯ ಬಗ್ಗೆ ಹುಡುಕಿ ಓದುವ ಚಟವುಳ್ಳವನು, ಅಷ್ಟೆ. ನಾನು ಕಂಡಂತೆ, ಉಡುಗೆ ತೊಡುಗೆ, ಪೀಠೋಪಕರಣಗಳ ವಿಷಯದಲ್ಲಿ ತೋರುವ ಶ್ರದ್ಧೆಯನ್ನು ಈ ಚಿತ್ರಗಳು ಯಾರು ಏನು ಮಾಡಿದರು ಎಂಬುದರಲ್ಲಿ ತೋರುವುದಿಲ್ಲ.

ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ಬ್ರಿಟಿಷ್ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ ಅವರನ್ನು ಕುರಿತ 'ಅಮೇಜಿಂಗ್ ಗ್ರೇಸ್' (2006) ಚಿತ್ರವನ್ನೇ ನೋಡಿ. 1807ರ ಫೆಬ್ರವರಿ 23ರಂದು ಬ್ರಿಟಿಷ್ ಸಂಸತ್ತಿನ ಕೆಳಮನೆಯಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಮಸೂದೆಯ ಪರವಾಗಿ 283, ವಿರುದ್ಧವಾಗಿ 16 ಮತಗಳು ಬಿದ್ದವು. ಚಿತ್ರದಲ್ಲಿ ಈ ಗೆಲುವಿನ ಗಳಿಗೆಯಲ್ಲಿ ಅವರ ಪರವಾಗಿದ್ದ ರಾಜಕಾರಣಿ ಚಾರ್ಲ್ಸ್ ಫಾಕ್ಸ್ ಎದ್ದು ನಿಂತು, ವಿಲ್ಬರ್‌ಫೋರ್ಸರನ್ನು ನೆಪೋಲಿಯನ್ನನೊಂದಿಗೆ ಹೋಲಿಸಿ ಹೊಗಳುತ್ತಾರೆ. ಆದರೆ ಫಾಕ್ಸ್ ಅದಕ್ಕೆ ಐದು ತಿಂಗಳ ಹಿಂದೆಯೇ ತೀರಿಕೊಂಡಿದ್ದರು! ಹೋಲಿಕೆಯೇನೂ ಕಟ್ಟುಕತೆಯಲ್ಲ, ಅದನ್ನು ಮಾಡಿದವರು ಇನ್ನೊಬ್ಬ ಸಂಸದ ಸ್ಯಾಮ್ಯುಯೆಲ್ ರೊಮಿಲಿ, ಅದನ್ನು ಕೇಳುತ್ತ ವಿಲ್ಬರ್‌ಫೋರ್ಸ್ ಕುಳಿತಲ್ಲೇ ಕಣ್ಣೀರಿಟ್ಟದ್ದೂ ನಿಜ. ಒಬ್ಬರ ಮಾತನ್ನು ಇನ್ನೊಬ್ಬರ ಬಾಯಲ್ಲಿ ಆಡಿಸಿದ್ದನ್ನು ನಾನು ದೊಡ್ಡ ತಪ್ಪೆಂದು ಎಣಿಸುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಕಥೆ ಅಲ್ಲಿಗೇ ನಿಲ್ಲುವುದು. 1807ರಲ್ಲಿ ನಿಂತದ್ದು ಕಾನೂನಿನ ಪ್ರಕಾರ ವ್ಯಾಪಾರ ಮಾತ್ರ. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿದ್ದವರು ಗುಲಾಮರಾಗಿಯೇ ಉಳಿದರು. 1831ರ ಕ್ರಿಸ್‌ಮಸ್ ವೇಳೆಗೆ ಜಮೈಕಾದಲ್ಲಿ ಸ್ಯಾಮ್ ಶಾರ್ಪ್ ಮುಂದಾಳತ್ವದಲ್ಲಿ ಗುಲಾಮರು ದಂಗೆಯೆದ್ದರು, ಮರುವರ್ಷ ಶಾರ್ಪ್ ಅವರನ್ನು ಗಲ್ಲಿಗೇರಿಸಲಾಯಿತು. ಅದಾದ ಬಳಿಕವೇ ಗುಲಾಮಗಿರಿಯನ್ನೇ ರದ್ದುಪಡಿಸುವ 1833ರ ಕಾಯಿದೆ ಬಂದದ್ದು. ಅದರಲ್ಲೂ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಸಿಕ್ಕಿತೇ ಹೊರತು ದುಡಿದವರಿಗೆ ಬಿಡಿಗಾಸೂ ಸಿಗಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಪ್ರದೇಶಗಳನ್ನು ಆ ಕಾಯಿದೆಯಿಂದ ಹೊರಗಿಟ್ಟಿದ್ದರಿಂದ ಭಾರತ 1843ರವರೆಗೆ ಕಾಯಬೇಕಾಯಿತು.

ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ನರನ್ನು ಕುರಿತ 'ಲಿಂಕನ್' (2012) ಇದಕ್ಕಿಂತ ಎಚ್ಚರಿಕೆಯಿಂದ ಕಟ್ಟಿದ ಚಿತ್ರ. ಆದರೂ 1865ರ ಜನವರಿ 31ರ ಮತದಾನದಲ್ಲಿ ಕನೆಕ್ಟಿಕಟ್ ರಾಜ್ಯದ ಇಬ್ಬರು ಪ್ರತಿನಿಧಿಗಳು ಗುಲಾಮಗಿರಿಯನ್ನು ರದ್ದುಪಡಿಸುವ, ಅಮೆರಿಕ ಸಂವಿಧಾನದ ಹದಿಮೂರನೆಯ ತಿದ್ದುಪಡಿಯ ವಿರುದ್ಧ ಮತ ಹಾಕಿದರೆಂದು ಅದು ತೋರಿಸುತ್ತದೆ. ವಾಸ್ತವದಲ್ಲಿ ಆ ರಾಜ್ಯದ ನಾಲ್ವರೂ ಪರವಾಗಿಯೇ ಮತ ಹಾಕಿದ್ದರು. ಅದೇ ರಾಜ್ಯದ ಸಂಸದರೊಬ್ಬರು ಆಕ್ಷೇಪಿಸಿದಾಗ, ಚಿತ್ರಕಥೆ ಬರೆದ ಟೋನಿ ಕುಶ್ನರ್ ಬದಲಾವಣೆಯನ್ನು ಒಪ್ಪಿಕೊಂಡು, ಪೈಪೋಟಿ ಎಷ್ಟು ನಿಕಟವಾಗಿತ್ತೆಂದು ತೋರಿಸಲು ಹಾಗೆ ಮಾಡಿದ್ದಾಗಿ ಸಮರ್ಥಿಸಿಕೊಂಡರು. ನನಗಂತೂ ಇದಕ್ಕಿಂತ ದೊಡ್ಡ ಕೊರತೆಯಾಗಿ ಕಂಡದ್ದು ಫ್ರೆಡರಿಕ್ ಡಗ್ಲಾಸ್ ಅವರ ಗೈರುಹಾಜರಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, ಲಿಂಕನ್ನರೊಂದಿಗೇ ವಾದಿಸಿದ ಈ ವ್ಯಕ್ತಿ ಎರಡೂವರೆ ಗಂಟೆಯ ಚಿತ್ರದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ.

ಹಾಗೆಂದು ನೋಡಲೇಬೇಡಿ ಎನ್ನಲಾರೆ, ಚಿತ್ರ ಹುಟ್ಟಿಸುವ ಕುತೂಹಲದಿಂದಲೂ ಒಳ್ಳೆಯದಾಗುತ್ತದೆ. ಈ ತಿದ್ದುಪಡಿಯನ್ನು 1865ರಲ್ಲಿ ತಿರಸ್ಕರಿಸಿದ್ದ ಮಿಸಿಸಿಪ್ಪಿ ರಾಜ್ಯವು 1995ರಲ್ಲಿ ಒಪ್ಪಿಗೆ ನೀಡಿತ್ತಾದರೂ ಆ ಕಾಗದವನ್ನು ಕೇಂದ್ರಕ್ಕೆ ಕಳುಹಿಸಿರಲೇ ಇಲ್ಲ. ಭಾರತದಿಂದ ಹೋಗಿ ಅಲ್ಲಿ ನೆಲೆಸಿದ್ದ ಪ್ರಾಧ್ಯಾಪಕರೊಬ್ಬರು 'ಲಿಂಕನ್' ನೋಡಿ ಬಂದು, ಮುಂದೇನಾಯಿತೆಂಬ ಕುತೂಹಲಕ್ಕೆ ಹುಡುಕಿದಾಗ ಈ ಲೋಪ ಹೊರಬಿತ್ತು. 2013ರ ಫೆಬ್ರವರಿಯಲ್ಲಿ ಆ ಒಪ್ಪಿಗೆ ಅಧಿಕೃತವಾಗಿ ದಾಖಲಾಯಿತು.