ಬಜ್ ಡಬ್ಬಿಯೊಳಗೆ ಎಷ್ಟು ವರ್ಷ ಇರಬೇಕು?

ಬೊಂಬೆಗಳೇ ಪಾತ್ರಗಳಾದ ಡಿಸ್ನಿ–ಪಿಕ್ಸರ್ ಅನಿಮೇಶನ್ ಸರಣಿ ‘ಟಾಯ್ ಸ್ಟೋರಿ’ಯ ಐದನೇ ಚಿತ್ರಕ್ಕೆ ಅಮೆರಿಕದಲ್ಲಿ 2026ರ ಜೂನ್ 19 ಎಂದು ದಿನ ಗೊತ್ತಾದ ಮೇಲೆ ನನಗೆ ಬರುವ ಪತ್ರಗಳಲ್ಲಿ ಅದರ ಬೊಂಬೆ ಪಾತ್ರಗಳಾದ ವುಡಿ, ಬಜ್, ಜೆಸ್ಸಿಯರದೇ ಸುದ್ದಿ. ಚಿತ್ರದ ಜೊತೆಗೆ ಬರುವ ಬೊಂಬೆಗಳನ್ನು ಕೊಳ್ಳಬೇಕೋ, ಕೊಂಡರೆ ಬಿಚ್ಚಬೇಕೋ, ಹೇಗೆ ಕಾಪಾಡಬೇಕೋ ಎಂದು ಕೇಳಿದವರಲ್ಲಿ ಐವರ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಹೊಸ ಚಿತ್ರದ ಬೊಂಬೆಗಳನ್ನು ಎರಡು ಸೆಟ್ ಕೊಂಡು, ಒಂದನ್ನು ಬಿಚ್ಚದೆ ಎತ್ತಿಡು, ಮಗಳು ಕಾಲೇಜಿಗೆ ಸೇರುವ ಹೊತ್ತಿಗೆ ಒಳ್ಳೆಯ ದುಡ್ಡಾಗುತ್ತದೆ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಎತ್ತಿಡುವ ಸೆಟ್ಟಿಗೆ ಸುಮಾರು 40 ಸಾವಿರ ಹಾಕಬೇಕಾಗುತ್ತದೆ. ಮಗಳಿಗೆ ಈಗ ಮೂರು ವರ್ಷ. ಹಾಕಲೇ? — ದಾವಣಗೆರೆಯ ಓದುಗರು

ಬೇಡ. ಒಂದೇ ಸೆಟ್ ಕೊಳ್ಳಿ, ಅದನ್ನು ಮಗಳ ಕೈಗೆ ಕೊಡಿ. ಡಬ್ಬಿಯ ಮೇಲಿನ ವಯಸ್ಸಿನ ಸೂಚನೆಯನ್ನು ಮಾತ್ರ ನೋಡಿಕೊಳ್ಳಿ.

ನಿಮ್ಮ ಸ್ನೇಹಿತರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದು 1995ರಲ್ಲಿ ಬಂದ ಮೊದಲ ಚಿತ್ರದ ಬೊಂಬೆಗಳಿಗೆ ಸಲ್ಲುವ ಮಾತು. ಇಡೀ ಕಥಾಚಿತ್ರವನ್ನು ಕಂಪ್ಯೂಟರಿನಲ್ಲೇ ಮಾಡಿದ್ದು ಅದೇ ಮೊದಲು, ಓಡುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ಆಟಿಕೆ ಕಂಪನಿಗಳು ಕೈ ಹಾಕಲಿಲ್ಲ. ಕೊನೆಗೆ ಲೈಸೆನ್ಸ್ ಪಡೆದದ್ದು ಕೆನಡಾದ ಥಿಂಕ್‌ವೇ ಎಂಬ ಸಣ್ಣ ಕಂಪನಿ. ನವೆಂಬರಿನಲ್ಲಿ ಚಿತ್ರ ತೆರೆಗೆ ಬಂತು, ಕ್ರಿಸ್‌ಮಸ್ ಹೊತ್ತಿಗೆ ಅಂಗಡಿಗಳಲ್ಲಿ ಬಜ್ ಸಿಗದೆ ಅಪ್ಪ ಅಮ್ಮಂದಿರು ಪರದಾಡಿದರು. 1999ರ ಎರಡನೇ ಚಿತ್ರದಲ್ಲಿ ಆಟಿಕೆ ಅಂಗಡಿ ತೋರಿಸುವ ಬಾರ್ಬಿಯ ಬಾಯಲ್ಲಿ ಈ ಕೊರತೆಯ ಮಾತನ್ನೇ ಆಡಿಸಿದ್ದಾರೆ. ತಯಾರಾದದ್ದೇ ಕಡಿಮೆ, ಅದರಲ್ಲೂ ಬಹುಪಾಲು ಮಕ್ಕಳ ಕೈಯಲ್ಲಿ ರೆಕ್ಕೆ ಮುರಿದು, ಟೊಪ್ಪಿ ಕಳೆದು ಮುಗಿದುಹೋಯಿತು. ಡಬ್ಬಿ ಸಮೇತ ಚೆನ್ನಾಗಿ ಉಳಿದ ಕೆಲವಕ್ಕೆ ಇವತ್ತು ಬೆಲೆ ಇದೆ.

ಮುಂದುವರಿದ ಭಾಗಗಳ ಕಥೆ ಇದಕ್ಕೆ ತಿರುಗುಮುರುಗು. ಚಿತ್ರ ಬರುವ ಎಷ್ಟೋ ತಿಂಗಳು ಮೊದಲೇ ಪಾತ್ರಗಳ ನಕ್ಷೆ ಆಟಿಕೆ ಕಂಪನಿಗೆ ಹೋಗಿರುತ್ತದೆ, ಅಚ್ಚು ಸಿದ್ಧವಾಗಿರುತ್ತದೆ, ಗೆದ್ದ ಹೆಸರೆಂದು ಅಂಗಡಿಯವರೂ ಧೈರ್ಯವಾಗಿ ತರಿಸುತ್ತಾರೆ. ನಿಮ್ಮ ಸ್ನೇಹಿತರ ಹಾಗೆಯೇ ಯೋಚಿಸಿ ಎತ್ತಿಡುವವರು ಊರೂರಲ್ಲೂ ಇರುತ್ತಾರೆ. ಎಲ್ಲರ ಅಟ್ಟದ ಮೇಲೂ ಇರುವ ಡಬ್ಬಿಯನ್ನು ಹದಿನೈದು ವರ್ಷದ ನಂತರ ಕೊಳ್ಳುವವರು ಯಾರು? ‘ಸ್ಟಾರ್ ವಾರ್ಸ್’ ಬೊಂಬೆಗಳಲ್ಲೂ ಇದೇ ಆಯಿತು. 1977ರ ಕ್ರಿಸ್‌ಮಸ್‌ಗೆ ಕೆನ್ನರ್ ಕಂಪನಿ ಬೊಂಬೆ ಸಿದ್ಧಮಾಡಲಾಗದೆ, ನಾಲ್ಕು ಬೊಂಬೆಗಳನ್ನು ಆಮೇಲೆ ಅಂಚೆಯಲ್ಲಿ ಕಳಿಸುತ್ತೇವೆಂಬ ಚೀಟಿಯಿದ್ದ ರಟ್ಟಿನ ಕವರನ್ನು ಮಾರಿತು. ಇವತ್ತು ಆ ಕವರನ್ನೂ ಸಂಗ್ರಾಹಕರು ದುಡ್ಡು ಕೊಟ್ಟು ಕೊಳ್ಳುತ್ತಾರೆ. 1999ರಲ್ಲಿ ಅದೇ ಸರಣಿಯ ಹೊಸ ಚಿತ್ರಕ್ಕೆ ರಾಶಿ ರಾಶಿ ಬೊಂಬೆ ಬಂದವು, ಜನ ಪೆಟ್ಟಿಗೆಗಟ್ಟಲೆ ಕೊಂಡಿಟ್ಟರು. ಅವುಗಳಲ್ಲಿ ಎಷ್ಟೋ ಇಂದಿಗೂ ಬಿಚ್ಚದ ಡಬ್ಬಿಯಲ್ಲೇ ಅಗ್ಗಕ್ಕೆ ಸಿಗುತ್ತವೆ. ಇನ್ನೂ ಹತ್ತಿರದ ಸುದ್ದಿ ಬೇಕೆಂದರೆ, ದೊಡ್ಡ ತಲೆಯ ‘ಪಾಪ್’ ಬೊಂಬೆಗಳ ಫಂಕೋ ಕಂಪನಿ ಮಾರಾಟವಾಗದೆ ಉಳಿದ 3 ಕೋಟಿ ಡಾಲರಿಗೂ ಹೆಚ್ಚಿನ ಸರಕನ್ನು ನಾಶ ಮಾಡುವುದಾಗಿ 2023ರಲ್ಲಿ ತಾನೇ ಹೇಳಿತು. ಗೋದಾಮಿನಲ್ಲಿ ಇಟ್ಟುಕೊಳ್ಳುವ ಖರ್ಚೇ ಮೈಮೇಲೆ ಬಂದಿತ್ತು.

ದುಡ್ಡಿನ ಲೆಕ್ಕವನ್ನೂ ನೋಡಿಬಿಡಿ. 40 ಸಾವಿರವನ್ನು ಶೇ 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ಹದಿನೈದು ವರ್ಷಕ್ಕೆ ಸುಮಾರು 1 ಲಕ್ಷ 10 ಸಾವಿರ ಆಗುತ್ತದೆ. ಬೊಂಬೆಯ ಬೆಲೆ ಎರಡೂಮುಕ್ಕಾಲು ಪಟ್ಟಾದರೂ ನೀವು ಬ್ಯಾಂಕಿನ ಸಮಕ್ಕೆ ಬಂದಿರಿ ಅಷ್ಟೇ. ಬೆಲೆ ಏರುವ ಬೊಂಬೆಗಳು ಇಲ್ಲವೆಂದಲ್ಲ. ಎರಡನೇ ಚಿತ್ರದ ‘ವುಡೀಸ್ ರೌಂಡಪ್’ ಬಳಗವನ್ನು, ಅಂದರೆ ವುಡಿ ಮತ್ತು ಅವನ ಜೊತೆಗಾರರ ಬೊಂಬೆಗಳನ್ನು, ಜಪಾನಿನ ಯಂಗ್ ಎಪೋಕ್ ಕಂಪನಿ ಕಡಿಮೆ ಸಂಖ್ಯೆಯಲ್ಲಿ ಮಾಡಿತ್ತು, ಸಂಗ್ರಾಹಕರು ಇಂದಿಗೂ ಅದನ್ನು ಹುಡುಕುತ್ತಾರೆ. ಅಂಥದ್ದು ಯಾವುದೆಂದು ಬಿಡುಗಡೆಗೆ ಮೊದಲೇ ಗುರುತಿಸುವುದು ಈ ಕೆಲಸದಲ್ಲೇ ಬೆಳೆದವರಿಗೂ ಕಷ್ಟ.

ಇನ್ನೊಂದು ಮಾತು. ಮಗಳ ಜೊತೆ ಕೂತು ಆ ಎರಡನೇ ಚಿತ್ರವನ್ನು ಮತ್ತೆ ನೋಡಿ. ಯಾವ ಮಗುವೂ ಡಬ್ಬಿಯಿಂದ ಬಿಚ್ಚಿ ಆಡದ ಮುದುಕ ಬೊಂಬೆ ಪ್ರಾಸ್ಪೆಕ್ಟರ್, ಬೊಂಬೆಗಳನ್ನು ಜಪಾನಿನ ಮ್ಯೂಸಿಯಮ್ಮಿಗೆ ಮಾರಲು ಹೊರಟ ಆಟಿಕೆ ಅಂಗಡಿಯ ಅಲ್, ನಡುವೆ ಸಿಕ್ಕಿಕೊಂಡ ವುಡಿ. ನಿಮ್ಮ ಪ್ರಶ್ನೆಯೇ ಆ ಚಿತ್ರದ ಕಥೆ. ಮಗು ಆಡಿದರೇ ಬೊಂಬೆಗೆ ಜೀವ ಎಂದು ಅದು ತೀರ್ಪು ಕೊಡುತ್ತದೆ. ಮೂವತ್ತು ವರ್ಷ ಬೊಂಬೆ ಕೂಡಿಟ್ಟ ನನಗೂ ಅದೇ ಸರಿಯೆನಿಸುತ್ತದೆ.

ಅಮೆರಿಕದಲ್ಲಿ ನೋಡಿದ ಬೆಲೆಗೂ ಇಲ್ಲಿನ ಬೆಲೆಗೂ ಅಜಗಜಾಂತರ. ಕೆಲವು ಬೊಂಬೆಗಳಂತೂ ಇಲ್ಲಿ ಬರುವುದೇ ಇಲ್ಲ. ಯಾಕೆ? — ಬೆಂಗಳೂರಿನ ಓದುಗರು

ಎರಡು ಕಾರಣ. ಆಟಿಕೆಗಳ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಜೊತೆಗೆ 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆ ಗುರುತಿಗೆ ವಿದೇಶದ ಕಾರ್ಖಾನೆಯೂ ನಮ್ಮ ಮಾನಕ ಸಂಸ್ಥೆಯಾದ ಬಿಐಎಸ್‌ನಿಂದ ಪರವಾನಗಿ ಪಡೆಯಬೇಕು. ನಾಲ್ಕಾರು ನೂರು ಬೊಂಬೆ ಮಾರುವುದಕ್ಕಾಗಿ ಅಷ್ಟು ಓಡಾಡಲು ಎಷ್ಟೋ ಕಂಪನಿಗಳಿಗೆ ಮನಸ್ಸಿಲ್ಲ. ನಿಯಮ ಕಿರಿಕಿರಿ ಎನಿಸಬಹುದು, ಆದರೆ ಮಗು ಬಾಯಿಗೆ ಹಾಕಿಕೊಳ್ಳುವ ವಸ್ತುವಿನ ಬಣ್ಣದಲ್ಲಿ ಸೀಸ ಇರಬಾರದೆಂದು ನೋಡುವುದು ಇದೇ ನಿಯಮ. ನಾನಂತೂ ಅದರ ಪರ.

ಒಂದೆರಡು ಬೊಂಬೆ ಸಾಕೆಂದರೆ ಅಲ್ಲಿಂದ ಬರುವ ನೆಂಟರ ಸೂಟ್‌ಕೇಸೇ ಸುಲಭ. ಕೊರಿಯರ್‌ನಲ್ಲಿ ತರಿಸಿದರೆ ಸುಂಕ ಬೀಳುವುದು ಬೊಂಬೆಯ ಬೆಲೆಯೊಂದರ ಮೇಲಲ್ಲ, ಸಾಗಣೆ ಖರ್ಚೂ ಅದರಲ್ಲಿ ಸೇರುತ್ತದೆ. ಎಷ್ಟೋ ಜನ ಎಡವುವುದು ಇಲ್ಲೇ.

ಇನ್‌ಸ್ಟಾಗ್ರಾಮಿನಲ್ಲಿ ಒಬ್ಬರು ಪ್ರೀ-ಆರ್ಡರ್ ಎಂದು ಹೇಳಿ ನಾಲ್ಕು ಬೊಂಬೆಗೆ 1,200 ರೂಪಾಯಿ ಮುಂಗಡ ಕೇಳುತ್ತಿದ್ದಾರೆ. ನಂಬಬಹುದೇ? — ತುಮಕೂರಿನ ಓದುಗರು

ನಂಬಬೇಡಿ. ಆ ಬೆಲೆಗೆ ಬರುವುದು ನಕಲಿ ಮಾಲು, ಅದೂ ಬಂದರೆ. ಅಸಲಿ ಬೊಂಬೆಯ ಪಾದದ ಅಡಿಯಲ್ಲೋ ಬೆನ್ನಲ್ಲೋ ಡಿಸ್ನಿ–ಪಿಕ್ಸರ್ ಹಕ್ಕಿನ ಗುರುತು ಅಚ್ಚಾಗಿರುತ್ತದೆ. ನಕಲಿಯಲ್ಲಿ ಮೊದಲು ಕೆಡುವುದು ಕಣ್ಣು: ಎರಡು ಗುಡ್ಡೆಗಳೂ ಒಂದೇ ಕಡೆ ನೋಡುವುದಿಲ್ಲ. ಡಬ್ಬಿ ತೆರೆದ ತಕ್ಷಣ ಪೆಟ್ರೋಲಿನಂಥ ಗಾಟು ಹೊಡೆದರೆ ಮಕ್ಕಳಿಂದ ದೂರವಿಡಿ.

ಹಳೇ ಬೊಂಬೆಗಳ ಮೈ ಜಿಗುಟು ಜಿಗುಟಾಗಿದೆ, ಬಿಳಿ ಭಾಗ ಹಳದಿಯಾಗಿದೆ. ಹೊಸದನ್ನು ಕೊಳ್ಳುವ ಮೊದಲು ಇದಕ್ಕೆ ಪರಿಹಾರ ತಿಳಿಸಿ. — ಮಂಗಳೂರಿನ ಓದುಗರು

ಜಿಗುಟು ಹೊರಗಿನಿಂದ ಬಂದ ಕೊಳೆಯಲ್ಲ, ಒಳಗಿನಿಂದ ಒಸರಿದ್ದು. ಬೊಂಬೆ ಮಾಡುವ ಪ್ಲಾಸ್ಟಿಕ್ಕಾದ ಪಿವಿಸಿಯನ್ನು ಮೆತ್ತಗೆ ಮಾಡಲು ಅದರಲ್ಲಿ ಎಣ್ಣೆಯಂಥ ರಾಸಾಯನಿಕ ಬೆರೆಸಿರುತ್ತಾರೆ. ವರ್ಷ ಕಳೆದಂತೆ, ಸೆಕೆಗೆ ಇನ್ನೂ ಬೇಗ, ಅದು ಮೇಲ್ಮೈಗೆ ಬರುತ್ತದೆ. ಗಾಳಿಯಾಡದ ಕವರಿನಲ್ಲಿ ಕಟ್ಟಿಟ್ಟರೆ ಹೋಗಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ, ಮೆತ್ತನೆ ಬ್ರಷ್ಷಿನಿಂದ ತೊಳೆದು, ನೆರಳಲ್ಲಿ ಒಣಗಿಸಿ. ಬ್ಯಾಟರಿ, ಬಟ್ಟೆ ಇರುವ ಬೊಂಬೆಯನ್ನು ಮುಳುಗಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಮುಟ್ಟಿಸಲೇಬೇಡಿ, ಬಣ್ಣದ ಜೊತೆ ಮುಖವೇ ಹೋಗುತ್ತದೆ. ಕೆಲವು ತಿಂಗಳಿಗೆ ಜಿಗುಟು ಮರಳಬಹುದು, ಮತ್ತೆ ತೊಳೆಯಿರಿ.

ಹಳದಿಗೆ ಮುಖ್ಯ ಕಾರಣ ಬಿಸಿಲು. ಬಜ್‌ನ ಬಿಳಿ ಕವಚ ಕಿಟಕಿ ಪಕ್ಕದಲ್ಲಿದ್ದರೆ ಉಳಿಯುವುದಿಲ್ಲ. ಆದ ಹಳದಿಯನ್ನು ತೆಗೆಯಲು ಹೋಗಿ ಪ್ಲಾಸ್ಟಿಕ್ಕನ್ನು ಪೆಡಸು ಮಾಡಿಕೊಂಡವರನ್ನು ಕಂಡಿದ್ದೇನೆ, ಹಾಗೇ ಬಿಡಿ. ನನ್ನ ಮೊದಲ ಬಜ್ ಹಾಳಾದದ್ದು ಬೇರೆ ಕಾರಣಕ್ಕೆ. ಬ್ಯಾಟರಿ ತೆಗೆಯದೆ ಆರು ವರ್ಷ ಕಪಾಟಿನಲ್ಲಿಟ್ಟಿದ್ದೆ, ಸೋರಿ ಒಳಗಿನ ತಂತಿಯೆಲ್ಲ ತಿಂದುಹಾಕಿತ್ತು. ಆ ದನಿ ಮತ್ತೆ ಕೇಳಲಿಲ್ಲ. ಆಲ್ಕಲೈನ್ ಬ್ಯಾಟರಿ ಸೋರಿದ ಬಿಳಿ ಪುಡಿ ಕಂಡರೆ ಹತ್ತಿಗೆ ವಿನೆಗರ್ ಅದ್ದಿ ಒರೆಸಬಹುದು, ಬೇಗ ಕಂಡರೆ ಮಾತ್ರ.

ನಿಮ್ಮೂರಿನ ಮಳೆಗಾಲಕ್ಕೆ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ. ನುಸಿಗುಳಿಗೆ ಮಾತ್ರ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸುತ್ತದೆ. ದಿನಪತ್ರಿಕೆಯಲ್ಲಿ ಸುತ್ತಿದರೆ ಅಕ್ಷರದ ಮಸಿ ಮೈಗೆ ಹತ್ತುತ್ತದೆ. ದಸರಾ ಬೊಂಬೆಗಳನ್ನು ನಮ್ಮ ಅಜ್ಜಿಯರು ಸುತ್ತಿಡುತ್ತಿದ್ದ ಹಳೇ ಹತ್ತಿ ಪಂಚೆಯೇ ಇದಕ್ಕೂ ಒಳ್ಳೆಯದು.

ಮೊಮ್ಮಗ ಈ ಸಲ ದಸರಾ ಬೊಂಬೆ ಕೂರಿಸುವಾಗ ವುಡಿ, ಬಜ್, ಜೊತೆಗೆ ಹೊಸ ಚಿತ್ರದ ಕಪ್ಪೆಯಾಕಾರದ ಟ್ಯಾಬ್ಲೆಟ್ ಲಿಲಿಪ್ಯಾಡನ್ನೂ ಇಡಬೇಕೆನ್ನುತ್ತಾನೆ. ಇಡಬಹುದೇ? — ಮೈಸೂರಿನ ಓದುಗರು

ಧಾರಾಳವಾಗಿ ಇಡಿ, ಅಮ್ಮ. ಪಟ್ಟದ ಬೊಂಬೆಗಳು ಮೇಲಿನ ಮೆಟ್ಟಿಲಲ್ಲಿ ಎಂದಿನಂತೆ ಕೂರಲಿ. ಕೆಳಗೆ ಪಾರ್ಕು, ಮೃಗಾಲಯ, ಕ್ರಿಕೆಟ್ ಮೈದಾನ ಮಾಡುವ ಜಾಗ ಮಕ್ಕಳದೇ ತಾನೆ. ವುಡಿ ಕೌಬಾಯ್, ಬಜ್ ಗಗನಯಾತ್ರಿ. ಒಬ್ಬನಿಗೆ ರಾಗಿ ಪೈರಿನ ಹೊಲ, ಇನ್ನೊಬ್ಬನಿಗೆ ಕಪ್ಪು ಕಾಗದದ ಆಕಾಶ ಮಾಡಿಕೊಡಲು ಮೊಮ್ಮಗನಿಗೇ ಹೇಳಿ. ರಾಗಿಯನ್ನು ಒಂದು ವಾರ ಮೊದಲೇ ಅವನ ಕೈಯಲ್ಲಿ ಬಿತ್ತಿಸಿ, ಹಬ್ಬಕ್ಕೆ ಹಸಿರು ಬಂದಿರುತ್ತದೆ. ಎಣ್ಣೆ ದೀಪವನ್ನು ಮಾತ್ರ ಈ ಬೊಂಬೆಗಳಿಂದ ಎರಡು ಮೊಳ ದೂರದಲ್ಲಿಡಿ. ಬಿಸಿ ತಾಗಿದರೆ ಪಿವಿಸಿ ಮೆತ್ತಗಾಗಿ ಕಾಲು ಬಾಗುತ್ತದೆ. ಬಾಗಿದರೂ ಗಾಬರಿ ಬೇಡ: ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಕೈಯಿಂದ ನೆಟ್ಟಗೆ ಮಾಡಿ, ಹಾಗೇ ಹಿಡಿದುಕೊಂಡು ತಣ್ಣೀರಿಗೆ ಇಳಿಸಿದರೆ ಮತ್ತೆ ನಿಲ್ಲುತ್ತದೆ.