ವಸಂತದ ಕೊನೆಯ ವಾರಗಳಲ್ಲಿ ನರ್ಸರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ದಿನಕ್ಕೆ ಎರಡು ಹೊತ್ತು ನೀರು ಹಾಕಿದರೂ ಕಪ್ಪು ಪಾಲಿಥೀನ್ ಚೀಲದ ಗಿಡಗಳು ಮಧ್ಯಾಹ್ನ ಬಾಡಿ ತಲೆ ಬಾಗಿಸುತ್ತವೆ. ಇನ್ನೂ ಹೆಚ್ಚು ನೀರು ಬೇಕೇ?

ಉತ್ತರ: ನೀರು ಹೆಚ್ಚಿಸುವ ಮೊದಲು ಬಾಡಿದ ಒಂದು ಗಿಡವನ್ನು ಚೀಲದಿಂದ ಬಿಡಿಸಿ ಬೇರು ನೋಡಿ. ಒಳಗಿನ ಮಿಶ್ರಣ ಒಣಗಿ ಅಂಚು ಮಾತ್ರ ಒದ್ದೆಯಾಗಿದ್ದರೆ, ನೀವು ಹಾಕಿದ ನೀರು ಪಕ್ಕದಿಂದ ಜಾರಿ ತಳದ ತೂತಿನಿಂದ ಹೋಗಿದೆ ಎಂದರ್ಥ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಿರುವ ಮಿಶ್ರಣ ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ಚೀಲದ ಗೋಡೆಯಿಂದ ದೂರ ಸರಿಯುತ್ತದೆ, ಬೇಗ ನೀರು ಹೀರುವುದೂ ಇಲ್ಲ. ಅಂಥ ಚೀಲವನ್ನು ಅಂಚಿನವರೆಗೆ ನೀರು ತುಂಬಿದ ತೊಟ್ಟಿಯಲ್ಲಿ ಗುಳ್ಳೆ ಏಳುವುದು ನಿಲ್ಲುವ ತನಕ ಇಡಿ. ನೂರಾರು ಚೀಲಗಳಿದ್ದರೆ ಒಂದೇ ಸಲ ಹುಯ್ಯುವ ನೀರನ್ನು ಮೂರು ಪಾಲು ಮಾಡಿ, ಹತ್ತು ಹತ್ತು ನಿಮಿಷ ಬಿಟ್ಟು ಹಾಕಿ. ಮೊದಲ ಪಾಲು ಮಿಶ್ರಣವನ್ನು ನೆನೆಸುತ್ತದೆ, ಉಳಿದೆರಡು ಒಳಕ್ಕೆ ಇಳಿಯುತ್ತವೆ.

ಮಿಶ್ರಣ ಒದ್ದೆಯಾಗಿದ್ದೂ ಗಿಡ ಬಾಡಿದ್ದರೆ ಕಾರಣ ಬೇರೆ. ನೇರ ಬಿಸಿಲು ಬೀಳುವ ಕಡೆ ಕಪ್ಪು ಚೀಲದ ಗೋಡೆ 50 ಡಿಗ್ರಿ ಸೆಲ್ಸಿಯಸ್ ತಲುಪುವುದುಂಟು. ಸುಮಾರು 40 ಡಿಗ್ರಿ ದಾಟಿದರೆ ಎಳೆಬೇರುಗಳು ಸಾಯತೊಡಗುತ್ತವೆ. ಬಿಡಿಸಿದ ಗಿಡದಲ್ಲಿ ಒಂದೇ ಮಗ್ಗುಲಿನ ಬೇರು ಕಂದಾಗಿ, ಇನ್ನೊಂದು ಮಗ್ಗುಲಿನದು ಬೆಳ್ಳಗಿದ್ದರೆ ಅದು ಬಿಸಿಲಿನ ಪೆಟ್ಟು. ಇಲ್ಲಿ ನೀರು ಹೆಚ್ಚಿಸಿದರೆ ಅರೆಜೀವದ ಬೇರು ಕೊಳೆಯುತ್ತದೆ. ಚೀಲಗಳನ್ನು ಒಂದಕ್ಕೊಂದು ತಾಗಿಸಿ ಜೋಡಿಸಿ, ಪಶ್ಚಿಮದ ಅಂಚಿಗೆ ಹಲಗೆಯನ್ನೋ ಬಿಳಿ ಹಾಳೆಯನ್ನೋ ಅಡ್ಡ ಇಡಿ. ಬಿಸಿಲಲ್ಲಿ ಬಿದ್ದಿದ್ದ ಪೈಪಿನೊಳಗಿನ ನೀರು ಕೈ ಸುಡುವಷ್ಟು ಕಾದಿರುತ್ತದೆ. ಅದನ್ನು ಹೊರಗೆ ಹರಿಯಬಿಟ್ಟು ಆಮೇಲೆ ಗಿಡದತ್ತ ತಿರುಗಿಸಿ.

ಪ್ರಶ್ನೆ: ಟ್ರೇಯಲ್ಲಿ ಹಾಕಿದ ಚೆಂಡು ಹೂವಿನ ಸಸಿಗಳು ಎರಡೆಲೆ ಬಿಡುವಷ್ಟರಲ್ಲಿ ಬುಡ ಕರಗಿ ಮಲಗುತ್ತಿವೆ. ಬೀಜದ ದೋಷವೇ?

ಉತ್ತರ: ಮೊಳೆತ ಬೀಜವನ್ನು ದೂರಿ ಫಲವಿಲ್ಲ. ಇದು ಮಣ್ಣು ಮತ್ತು ನೀರಿನಲ್ಲಿರುವ ಪಿಥಿಯಂ, ರೈಜೋಕ್ಟೋನಿಯಾದಂಥ ರೋಗಾಣುಗಳ ಕೆಲಸ. ಅವುಗಳಿಗೆ ದಾರಿ ಮಾಡಿಕೊಡುವುದು ಮೂರು ಅಭ್ಯಾಸಗಳು: ತೊಳೆಯದ ಹಳೆ ಟ್ರೇ, ಒತ್ತೊತ್ತಾದ ಬಿತ್ತನೆ, ಸಂಜೆಯ ನೀರು. ಟ್ರೇಗೆ ಅಂಟಿದ ಮಣ್ಣನ್ನು ಮೊದಲು ಉಜ್ಜಿ ತೊಳೆಯಿರಿ. ಕೊಳೆ ಉಳಿದರೆ ಬ್ಲೀಚಿನ ಶಕ್ತಿ ಅದರಲ್ಲೇ ಮುಗಿಯುತ್ತದೆ. ಬಳಿಕ ಒಂದು ಪಾಲು ಮನೆಬಳಕೆಯ ದ್ರವ ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ಅದರಲ್ಲಿ ಅರ್ಧ ಗಂಟೆ ಮುಳುಗಿಸಿ, ತೊಳೆದು ಒಣಗಿಸಿ. ಒಂದು ಗುಳಿಗೆ ಒಂದೇ ಬೀಜ, ಅರ್ಧ ಸೆಂಟಿಮೀಟರ್ ಆಳ. ಮೊಳಕೆ ಕಂಡ ದಿನವೇ ಟ್ರೇ ಮೇಲಿನ ಹೊದಿಕೆ ತೆಗೆಯಿರಿ. ನೀರು ಬೆಳಿಗ್ಗೆ ಮಾತ್ರ, ರಾತ್ರಿಯೊಳಗೆ ಮೇಲ್ಪದರ ಆರಿರಬೇಕು.

ಈಗಾಗಲೇ ಮಲಗಿದ ಸಸಿ ಎದ್ದು ನಿಲ್ಲುವುದಿಲ್ಲ. ಅವನ್ನು ಸುತ್ತಲಿನ ಮಿಶ್ರಣದ ಸಮೇತ ಕಿತ್ತು ಹೊರಗೆ ಹಾಕಿ, ಉಳಿದವಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಬೆರೆಸಿ ಬುಡಕ್ಕೆ ಹಾಕಿ. ರೋಗಾಣುಗಳನ್ನು ತಡೆಯುವ ಉಪಕಾರಿ ಜೀವಿ ಟ್ರೈಕೋಡರ್ಮಾ ಬಳಸುವವರು ಅದನ್ನು ಬಿತ್ತುವ ಮೊದಲೇ ಮಿಶ್ರಣಕ್ಕೆ ಸೇರಿಸಬೇಕು. ತಾಮ್ರದ ಔಷಧಿಯೊಂದಿಗೆ ಹಾಕಿದರೆ ಅದೂ ಒಂದು ಶಿಲೀಂಧ್ರವಾದ್ದರಿಂದ ಸತ್ತುಹೋಗುತ್ತದೆ.

ಪ್ರಶ್ನೆ: ಬೋಗನ್‌ವಿಲ್ಲಾ ಸೊಂಪಾಗಿ ಬೆಳೆದಿದೆ, ಹೂವೇ ಇಲ್ಲ. ಯಾವ ಗೊಬ್ಬರ ಕೊಡಬೇಕು?

ಉತ್ತರ: ಗೊಬ್ಬರ ನಿಲ್ಲಿಸಿ, ಅದರಲ್ಲೂ ಸಾರಜನಕವನ್ನು. ಈ ಗಿಡ ಸುಖ ಹೆಚ್ಚಾದಷ್ಟೂ ಎಲೆ ಬಿಡುತ್ತದೆ. ದಿನಕ್ಕೆ ಕನಿಷ್ಠ 5–6 ಗಂಟೆ ನೇರ ಬಿಸಿಲು ಸಿಗುವಲ್ಲಿ ಇಡಿ. ಎಲೆಗಳು ತುಸು ಜೋತು ಬೀಳುವ ತನಕ ನೀರು ತಡೆದು, ಆಮೇಲೆ ತಳದಿಂದ ಹರಿಯುವಷ್ಟು ಕೊಡಿ. ಮೊಗ್ಗು ಕಂಡ ಮೇಲೆ ಒಣಗಿಸಬೇಡಿ, ಉದುರುತ್ತವೆ. ಹೂ ಹೊಸ ಚಿಗುರಿನಲ್ಲಿ ಬರುವುದರಿಂದ ವಾರಕ್ಕೊಮ್ಮೆ ಕತ್ತರಿ ಆಡಿಸುವ ನರ್ಸರಿಯಲ್ಲಿ ಅದಕ್ಕೆ ಅವಕಾಶವೇ ಇರುವುದಿಲ್ಲ. ಒಂದು ಸುತ್ತಿನ ಬಣ್ಣ ಉದುರಿದ ಮೇಲೆ ಸವರಿ, ಮುಂದಿನ ಸುತ್ತಿನ ತನಕ ಬಿಡಿ. (ಬಣ್ಣ ಇರುವುದು ಹೂವಿನ ಸುತ್ತಲಿನ ಎಲೆಯಂಥ ಪುಷ್ಪಪತ್ರಗಳಿಗೆ, ನಿಜವಾದ ಹೂ ಅವುಗಳ ನಡುವಿನ ಸಣ್ಣ ಬಿಳಿ ಕೊಳವೆ. ಹಾಗಾಗಿಯೇ ಬಣ್ಣ ವಾರಗಟ್ಟಲೆ ನಿಲ್ಲುತ್ತದೆ.)

ದೊಡ್ಡ ಕುಂಡಕ್ಕೆ ಬದಲಿಸುವ ಆತುರವೂ ಬೇಡ, ಬೇರು ಬಿಗಿಯಾಗಿದ್ದಾಗಲೇ ಹೂ ಚೆನ್ನಾಗಿ ಬರುತ್ತದೆ. ಬದಲಿಸಲೇಬೇಕಾದರೆ ಗಿಡವನ್ನು ಬುಡ ಹಿಡಿದು ಎಳೆಯದೆ ಚೀಲವನ್ನು ಕತ್ತರಿಸಿ ತೆಗೆಯಿರಿ. ಇದರ ನವಿರಾದ ಬೇರುಗಳು ಮಣ್ಣಿನ ಉಂಡೆಯನ್ನು ಹಿಡಿದಿಡುವುದಿಲ್ಲ, ಒಡೆದರೆ ಗಿಡ ಸೊರಗುತ್ತದೆ.

ಪ್ರಶ್ನೆ: ದಾಸವಾಳದ ಎಲೆ ಹಳದಿಯಾಗುತ್ತಿದೆ. ಯೂರಿಯಾ ಕೊಡಬಹುದೇ?

ಉತ್ತರ: ಯಾವ ಎಲೆ ಎಂದು ನೀವು ಬರೆದಿಲ್ಲ, ಉತ್ತರ ಅದರ ಮೇಲೇ ನಿಂತಿದೆ. ಕೆಳಗಿನ ಹಳೆ ಎಲೆಗಳು ಪೂರ್ತಿ ಹಳದಿಯಾಗುತ್ತಿದ್ದರೆ ಯೂರಿಯಾದಲ್ಲಿರುವ ಸಾರಜನಕದ ಕೊರತೆ ಇರಬಹುದು. ತುದಿಯ ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಗಡಸು ನೀರು ಹಾಕುವಲ್ಲಿ ಮಿಶ್ರಣದ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿ, ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಅರಳಿದ ಹೂವಿಗೆ ತಾಗಿದರೆ ಕಲೆ ಉಳಿಯುತ್ತದೆ. ಇದು ತಾತ್ಕಾಲಿಕ ಉಪಾಯ. ಬುಡಕ್ಕೆ ಕೊಡುವ ಕಬ್ಬಿಣ ಪಿಎಚ್ 7 ದಾಟಿದ ಮಿಶ್ರಣದಲ್ಲಿ ಕೆಲಸ ಮಾಡಬೇಕಾದರೆ ಅದನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಡುವ ಇಡಿಡಿಎಚ್ಎ ಎಂಬ ಸಂಯುಕ್ತದ ರೂಪದ್ದೇ ಆಗಬೇಕು, ಇಡಿಟಿಎ ರೂಪದ್ದು ಅಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆ: ಕಸಿ ಗುಲಾಬಿಯ ಬುಡದಿಂದ ಭರದಿಂದ ಏಳುವ ಕೊಂಬೆಗಳನ್ನು ಬಿಡಬಹುದೇ?

ಉತ್ತರ: ಕಸಿ ಗಂಟಿನ ಮೇಲಿಂದ ಬಂದದ್ದಾದರೆ ಬಿಡಿ, ಮುಂದಿನ ಹೂ ಅದರಲ್ಲೇ. ಕೆಳಗಿನಿಂದ ಬಂದದ್ದು ಬೇರುಗಿಡದ್ದು, ಅಂದರೆ ಕಸಿಗೆ ಆಧಾರವಾಗಿ ಬಳಸಿದ ಬೇರೆ ಗುಲಾಬಿಯದ್ದು. ಅದನ್ನು ಕತ್ತರಿಸಿದರೆ ಉಳಿದ ಮೋಟಿನಿಂದ ಮತ್ತೆ ಚಿಗುರುತ್ತದೆ, ಆದ್ದರಿಂದ ಮಣ್ಣು ಸರಿಸಿ ಹುಟ್ಟಿದ ಜಾಗದಿಂದಲೇ ಕೆಳಮುಖವಾಗಿ ಕಿತ್ತು ತೆಗೆಯಿರಿ.

ಪ್ರಶ್ನೆ: ಕೀಟನಾಶಕ ಹೊಡೆದಷ್ಟೂ ಗುಲಾಬಿ ಎಲೆಯ ಮೇಲಿನ ಸಣ್ಣ ಚುಕ್ಕಿಗಳು ಹೆಚ್ಚುತ್ತಿವೆ. ಏಕೆ?

ಉತ್ತರ: ಬಿಳಿ ಕಾಗದದ ಮೇಲೆ ಎಲೆ ತಟ್ಟಿ ನೋಡಿ. ಉದುರಿದ ಚುಕ್ಕಿಗಳು ಹರಿದಾಡಿದರೆ ಅದು ಕೆಂಪು ಜೇಡ ನುಸಿ. ನುಸಿ ಕೀಟವಲ್ಲ, ಜೇಡನ ಬಳಗದ್ದು. ಅನೇಕ ಕೀಟನಾಶಕಗಳು ಅದನ್ನು ಬಿಟ್ಟು, ಅದನ್ನು ತಿನ್ನುವ ಪರಭಕ್ಷಕಗಳನ್ನು ಮಾತ್ರ ಕೊಲ್ಲುತ್ತವೆ. ಎಲೆಯ ಅಡಿಭಾಗಕ್ಕೆ ಬೆಳಿಗ್ಗೆ ರಭಸದ ನೀರು ಹೊಡೆಯಿರಿ, ಎರಡು ದಿನಕ್ಕೊಮ್ಮೆಯಂತೆ ಎರಡು ವಾರ. ತಗ್ಗದಿದ್ದರೆ ಲೀಟರಿಗೆ 2 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಸಿಂಪಡಿಸಬಹುದು. ಆದರೆ ಉಷ್ಣತೆ 32 ಡಿಗ್ರಿ ದಾಟುವ ದಿನ ಬೇಡ, ಬೇವಿನ ಎಣ್ಣೆಯಂಥ ಎಣ್ಣೆ ಸಿಂಪಡಿಸಿ ಎರಡು ವಾರ ಕಳೆಯದೆಯೂ ಬೇಡ. ಎರಡರಲ್ಲೂ ಎಲೆ ಸುಡುತ್ತದೆ.