ರೋಗಿ ಯಾರು, ತಂದೆಯೋ ಮಗನೋ?

ಸಿದ್ದಾಪುರದ ಓದುಗರೊಬ್ಬರ ಪತ್ರ: 78 ವರ್ಷದ ತಂದೆಗೆ ಕ್ಯಾನ್ಸರ್. ಮನೆಯವರು ಅದನ್ನು ಮುಚ್ಚಿಟ್ಟು ಹೊಟ್ಟೆಹುಣ್ಣು ಎಂದಿದ್ದರು. ಶಿರಸಿಯ ಆಸ್ಪತ್ರೆಯಲ್ಲಿ ತಂದೆ ರಾತ್ರಿ ಪಾಳಿಯ ನರ್ಸನ್ನು ‘ನಿಜ ಹೇಳು ತಂಗಿ’ ಎಂದು ಕೇಳಿದರು. ಆಕೆ ಹುಣ್ಣು ಎನ್ನಲು ಒಪ್ಪದೆ, ‘ಬೆಳಿಗ್ಗೆ ಡಾಕ್ಟರನ್ನೇ ಕೇಳಿ, ಕೇಳುವ ಹಕ್ಕು ನಿಮಗಿದೆ’ ಎಂದರಂತೆ. ರೋಗಿ ತಿಳಿಯಬಯಸುತ್ತಾರೆಂದು ದಾಖಲೆಯಲ್ಲೂ ಬರೆದರಂತೆ. ಆಕೆಯ ಮೇಲೆ ದೂರು ಕೊಟ್ಟಿರುವ ಓದುಗರು, ಕ್ರಮವಿಲ್ಲವೇ ಎಂದು ಕೇಳಿದ್ದಾರೆ.

ಉತ್ತರ: ನಿಮ್ಮ ಅಂಜಿಕೆ ಪ್ರೀತಿಯಿಂದ ಬಂದದ್ದು, ಒಪ್ಪಿದೆ. ಆದರೆ ಆಕೆಯ ತಪ್ಪೇನು? ರೋಗ ಇಂಥದೆಂದು ತಿಳಿಸುವುದು ವೈದ್ಯರ ಹೊಣೆ, ಆ ಗೆರೆಯನ್ನು ಆಕೆ ದಾಟಲಿಲ್ಲ. ಸುಳ್ಳನ್ನೂ ಹೇಳಲಿಲ್ಲ. ಕೇಳಿದ್ದನ್ನು ಬರೆದಿಟ್ಟರು. ಒಳ್ಳೆಯ ಶುಶ್ರೂಷೆ ಎಂದರೆ ಇದೇ ಅಲ್ಲವೇ?

2008ರ ಸಮೀರಾ ಕೊಹ್ಲಿ ಪ್ರಕರಣವನ್ನು ನೋಡಿ. ಅರಿವಳಿಕೆಯಲ್ಲಿದ್ದ ವಯಸ್ಕ ಮಹಿಳೆಯ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಆ ಒಪ್ಪಿಗೆ ಸಲ್ಲದೆಂದು ಸುಪ್ರೀಂ ಕೋರ್ಟ್ ಹೇಳಿತು. ಹೆತ್ತ ತಾಯಿಗೇ ಇಲ್ಲದ ಅಧಿಕಾರ ಮಗನಿಗೆ ಎಲ್ಲಿಂದ ಬಂತು? ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನೂ 2018ರಲ್ಲಿ ಅದೇ ನ್ಯಾಯಾಲಯ ಮಾನ್ಯ ಮಾಡಿದೆ. ರೋಗವೇ ಗೊತ್ತಿಲ್ಲದವರು ಏನೆಂದು ಬರೆಯಬೇಕು?

ನರ್ಸ್ ಎಂದೊಡನೆ ಎಲ್ಲರಿಗೂ ಕ್ರಮದ ನೆನಪಾಗುತ್ತದೆ. ಕಾನೂನೂ ಹಾಗೆಯೇ ಇದೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ, ನಿರ್ಲಕ್ಷ್ಯದಿಂದಾದ ಸಾವಿಗೆ ಚಿಕಿತ್ಸೆ ನೀಡುತ್ತಿದ್ದ ನೋಂದಾಯಿತ ವೈದ್ಯರಿಗೆ ಹೆಚ್ಚೆಂದರೆ 2 ವರ್ಷ ಸಜೆ. ಆ ರಿಯಾಯಿತಿಯಲ್ಲಿ ನರ್ಸ್ ಸೇರಿಲ್ಲ, ಆಕೆಗೆ 5 ವರ್ಷದವರೆಗೂ ಆಗಬಹುದು. ಇಡೀ ವಾರ್ಡನ್ನು ರಾತ್ರಿ ಒಬ್ಬರೇ ನೋಡಿಕೊಳ್ಳುವವರಿಗೆ ಇದು ನ್ಯಾಯವೇ?

ನಮ್ಮ ಸೀಮೆಯ ಮಾತನ್ನೂ ಆಡಿಬಿಡುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಯಾವಾಗ ಹೊಡೆಸಬೇಕು, ಒಣಗಿಸಿ ಸುಲಿದ ಚಾಲಿ ಅಡಿಕೆಯನ್ನು ಯಾವ ದರಕ್ಕೆ ಕೊಡಬೇಕು ಎಂದು ಜೀವನವಿಡೀ ತೀರ್ಮಾನಿಸಿದ ಹಿರಿಯರನ್ನು ಹಾಸಿಗೆ ಹಿಡಿದ ಮೇಲೆ ಯಾರೂ ಏನನ್ನೂ ಕೇಳುವುದಿಲ್ಲ. ಹುಬ್ಬಳ್ಳಿಗೋ ಮಂಗಳೂರಿಗೋ ಎಂದು ಬೆಂಗಳೂರಿನ ಮಗ ಫೋನಿನಲ್ಲೇ ನಿರ್ಧರಿಸುತ್ತಾನೆ. ಹೆಬ್ಬೆಟ್ಟು ಬೇಕಾಗುವುದು ತೋಟದ ಕಾಗದಕ್ಕೆ ಮಾತ್ರ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದು ಕೈಬಿಟ್ಟರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಆ ಪತ್ರವನ್ನೇ ರದ್ದುಪಡಿಸಬಹುದು. ಶಿರಸಿಯ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರಾಯಿತು. ಎಷ್ಟು ಹಿರಿಯರಿಗೆ ಇದನ್ನು ಯಾರು ಹೇಳಿದ್ದಾರೆ?

ನಿಮ್ಮ ಪತ್ರ ಎರಡು ಪುಟವಿದೆ. ತಂದೆಯವರು ಏನೆಂದರು ಎಂಬ ಒಂದು ಸಾಲೂ ಅದರಲ್ಲಿಲ್ಲ. ನರ್ಸ್ ಹೆಸರನ್ನು ಪ್ರಕಟಿಸಬೇಕೆಂದು ಕೋರಿದ್ದೀರಿ, ಪ್ರಕಟಿಸುವುದಿಲ್ಲ. ದೂರನ್ನು ಹಿಂದಕ್ಕೆ ಪಡೆಯಿರಿ, ತಂದೆಯವರನ್ನು ಕರೆದುಕೊಂಡು ವೈದ್ಯರ ಎದುರು ಕುಳಿತುಕೊಳ್ಳಿ.

— ಸಂಪಾದಕ